ಗಚ್ಚಿಯ ಮೇಲಿನ ಕಸ

ನಮ್ಮನೆಯವರು ಸ್ವಾವಲಂಬಿಯಾದದ್ದು ಒಂದು ಮಂಗಳವಾರ. ಬೆಳಿಗ್ಗೆ ಚಹಾ ಕುಡಿಯುವವರೆಗೂ ಎಲ್ಲರಂತೆಯೇ ಇದ್ದರು. ಚಹಾ ಮುಗಿಸಿ ಬಸಿ ಕೆಳಗಿಟ್ಟವರೇ, "ಇನ್ನ ಮ್ಯಾಲ ಪ್ಯಾಟಿಯಿಂದ ಕಾಯಿಪಲ್ಲೆ ತರೂದು ಬಂದ್. ಎಲ್ಲಾ ಗಚ್ಚಿ ಮ್ಯಾಲ ಬೆಳಿಯೂಣು" ಅಂದರು. ಗಚ್ಚಿ ಎಂದರೆ ತಾರಸಿ. ಇಚಲಕರಂಜಿಯಲ್ಲಿ ಕನ್ನಡದವರೂ ಮರಾಠಿಯವರೂ ಅದನ್ನು ಹಾಗೆಯೇ ಕರೆಯುತ್ತೇವೆ. ನಮ್ಮ ಗಚ್ಚಿಯ ಮೇಲೆ ಅಲ್ಲಿಯವರೆಗೆ ತಾನಾಗಿ ಬೆಳೆದದ್ದೆಂದರೆ ನೀರಿನ ಟಾಕಿಯ ಪಾಚಿ ಮಾತ್ರ.

ಅವರು ಮಗ್ಗದ ಜಾಬರ್ ಆಗಿದ್ದವರು. ಪಾವರ್‌ಲೂಮು ಕೆಟ್ಟು ನಿಂತರೆ ಅದರ ಹೊಟ್ಟೆಯೊಳಗೆ ಕೈಹಾಕಿ ಮತ್ತೆ ನಡೆಸುವವನಿಗೆ ಇಲ್ಲಿ ಜಾಬರ್ ಎನ್ನುತ್ತಾರೆ. ಮದುವೆಯಾದಂದಿನಿಂದ ಅವರು ಒಂದೇ ಶೆಡ್ಡಿನಲ್ಲಿ ದುಡಿದರು. ಆ ವರ್ಷ ಹೋಳಿ ಹುಣ್ಣಿಮೆ ಕಳೆದ ಮೇಲೆ ಮಾಲಕರು ಹಳೆಯ ಮಗ್ಗಗಳನ್ನೆಲ್ಲ ಭಂಗಾರಕ್ಕೆ, ಅಂದರೆ ಗುಜರಿಗೆ ಹಾಕಿ, ಶೆಡ್ಡನ್ನು ಬಳಿದು, ಮದುವೆ ಮಾಡುವವರಿಗೆ ಬಾಡಿಗೆಗೆ ಕೊಡಲು ಶುರುಮಾಡಿದರು. ಮಗ್ಗಗಳಿಗಿಂತ ಬ್ಯಾಂಡಿನ ಸದ್ದಿಗೆ ಲಾಭ ಹೆಚ್ಚಂತೆ. ಜಾಬರರಿಗೆ ಹೂವಿನ ಹಾರ ಹಾಕಿ, ಪೇಢೆ ಕೊಟ್ಟು, ಮನೆಗೆ ಕಳಿಸಿದರು. ಹಾರವನ್ನು ನಮ್ಮನೆಯವರು ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಬಂದರು.

ಅದಾದ ಮೇಲೆ ದೂರದ ಭಿವಂಡಿಯಿಂದ ಫೋನು ಬರತೊಡಗಿತು. ಅಲ್ಲಿ ಅವರ ಹಳೆಯ ಗೆಳೆಯನೊಬ್ಬ ಇದ್ದಾನೆ, ಈಗಲೂ ಮಗ್ಗದಲ್ಲೇ. "ಬಾ, ಇಲ್ಲಿ ಜಾಬರಿಗೆ ಮರ್ಯಾದಿ ಐತಿ" ಎಂದು ಅವನ ಕರೆ. ಆ ಮರ್ಯಾದೆಯನ್ನು ನಾನು ಕೇಳಿ ಬಲ್ಲೆ. ಮದುವೆಗೆ ಮುಂಚೆ ಇವರು ಅಲ್ಲಿ ಎರಡು ವರ್ಷ ಇದ್ದರು. ಒಂದು ಖೋಲಿ, ಹತ್ತು ಮಂದಿ, ಪಾಳಿಯ ಪ್ರಕಾರ ಮಲಗುವುದು. ಒಬ್ಬ ಎದ್ದ ಚಾಪೆಯ ಬಿಸಿ ಆರುವ ಮೊದಲೇ ಇನ್ನೊಬ್ಬ ಅದರ ಮೇಲೆ. ಅಲ್ಲಿಂದ ತಂದ ಕೆಮ್ಮು ಇನ್ನೂ ಇವರ ಎದೆಯಲ್ಲಿದೆ. ಈ ವಯಸ್ಸಿನಲ್ಲಿ ಮತ್ತೆ ಆ ಚಾಪೆಯೇ? ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ನಾನು ಇಲ್ಲಿಯ ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ. ಇಬ್ಬರ ಹೊಟ್ಟೆಗೆ ನನ್ನ ಪಗಾರ ಸಾಕು. ಹಾಗೆಂದು ಹೇಳಿದೆ ಕೂಡ. ಅವರು, "ದಸರಾತನಕ ನೋಡೂಣು. ಗಚ್ಚಿ ಮ್ಯಾಲ ಬೆಳದದ್ದು ಮನಿಗೆ ಸಾಲಿತಂದ್ರ ಇಲ್ಲೇ ಇರ್ತೇನಿ. ಇಲ್ಲಂದ್ರ ಭಿವಂಡಿ" ಅಂದರು.

ಹೀಗೆ, ನನ್ನ ಗಂಡ ನನ್ನ ಜೊತೆ ಇರುವುದೋ ಬಿಡುವುದೋ ಹೀರೇಕಾಯಿಯ ಕೈಗೆ ಹೋಯಿತು.

ಈ ಊರಿನಲ್ಲಿ ಬೇಸಾಯ ಮಾಡಬೇಕೆಂದು ಯಾರಿಗಾದರೂ ಹೊಳೆದರೆ ಅವರನ್ನು ಮೊದಲು ಡಾಕ್ಟರಿಗೆ ತೋರಿಸಬೇಕು. ನಮ್ಮ ನಳಕ್ಕೆ ನೀರು ಬರುವುದು ಅಳಿಯ ಬಂದ ಹಾಗೆ. ಯಾವಾಗ ಬರುತ್ತದೆ ಗೊತ್ತಿಲ್ಲ, ಬಂದಾಗ ಮನೆಮಂದಿಯೆಲ್ಲ ಕೈಕಟ್ಟಿ ನಿಲ್ಲಬೇಕು. ಆ ನೀರಿನಲ್ಲಿ ನಮ್ಮನೆಯವರು ಬದನೆ ಗಿಡಗಳಿಗೆ ದಿನವೂ ಸ್ನಾನ ಮಾಡಿಸಿದರು. ನನಗೆ ದಿನಬಿಟ್ಟು ದಿನ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಕೈ ತೊಳೆದ ನೀರು ಎಲ್ಲಕ್ಕೂ ಬೇರೆ ಬೇರೆ ಬಕೀಟು ಬಂದವು. ಒಂದು ದಿನ ನಾನು ಮುಖ ತೊಳೆದು ನೀರು ಚೆಲ್ಲಿದ್ದಕ್ಕೆ, "ಅದು ಮೆಣಸಿನಕಾಯಿದು" ಅಂದರು. ಮೆಣಸಿನಕಾಯಿಯ ಕ್ಷಮೆ ಕೇಳಿದೆ.

ಬಣ್ಣದ ಡಬ್ಬಿ, ಒಡೆದ ಬಕೀಟು, ಗಂಜಿ ಹಚ್ಚುವ ಕಾರಖಾನೆಯಿಂದ ತಂದ ನೀಲಿ ಡ್ರಮ್ಮು, ಎಲ್ಲದರಲ್ಲೂ ಮಣ್ಣು ತುಂಬಿ ಅವರು ಬೀಜ ಹಾಕಿದರು. ಶೆಡ್ಡಿನವರು ಬಿಟ್ಟುಕೊಟ್ಟ ಹಾಳು ನೂಲನ್ನು ಟಾಕಿಯಿಂದ ಕಟ್ಟೆಯವರೆಗೆ ಎಳೆ ಎಳೆಯಾಗಿ ಬಿಗಿದು, ಹೀರೆ ಬಳ್ಳಿಯನ್ನು ಹಬ್ಬಿಸಿದರು. ಎಳೆಗಳ ನಡುವಿನ ಅಂತರ ಕೂದಲಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಬಳ್ಳಿಯನ್ನು ಕಟ್ಟಿದ್ದು ನೇಕಾರರ ಗಂಟಿನಲ್ಲಿ, ಮಗ್ಗದಲ್ಲಿ ಕಡಿದ ಎಳೆಯನ್ನು ಒಂದೇ ಕೈಯಲ್ಲಿ ಕೂಡಿಸುತ್ತಾರಲ್ಲ, ಅದೇ ಗಂಟು. ಕೆಳಗಿನ ಮನೆಯ ಮರಾಠಿ ಕಾಕು ಮೇಲೆ ಬಂದು ನೋಡಿ, ಇದು ತೋಟವೋ ಸೀರೆಯೋ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ.

ಮೊದಲ ಬೆಳೆ ಎರಡು ಬೆಂಡೆಕಾಯಿ. ಅವನ್ನು ತಾಟಿನಲ್ಲಿಟ್ಟುಕೊಂಡು ಓಣಿಯಲ್ಲಿ ಮೆರವಣಿಗೆ ಹೊರಡದಿದ್ದುದು ನಮ್ಮ ಪುಣ್ಯ. ಮಗ್ಗದ ಸದ್ದಿನಲ್ಲಿ ಬದುಕಿದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಹಾಗಾಗಿ ಬೆಂಡೆಕಾಯಿಯ ಸುದ್ದಿ ಮೆರವಣಿಗೆಯಿಲ್ಲದೆಯೂ ಓಣಿಯ ತುದಿ ಮುಟ್ಟಿತು. "ಇಬ್ಬರಿಗೆ ಎರಡ. ಲೆಕ್ಕಾ ಬರಾಬರಿ ಐತಿ" ಎಂದು ನಾನು ಅಂದೆ. "ನಗು, ನಗು. ಶ್ರಾವಣ ಬರಲಿ" ಅಂದರು. ನಾನು ನಗುತ್ತಲೇ ಇದ್ದೆ. ಆದರೆ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಗಚ್ಚಿಗೆ ಹೋಗಿ ಹೀರೆಯ ಹೂವು ಎಷ್ಟು ನಿಂತಿವೆ, ಎಷ್ಟು ಉದುರಿವೆ ಎಂದು ನೋಡುವ ಚಟ ನನಗೂ ಹತ್ತಿತು. ಬಾಯಿ ಅಣಕಿಸುತ್ತಿತ್ತು, ಮನಸ್ಸು ಹರಕೆ ಹೊರುತ್ತಿತ್ತು. ಅವರು ಹೋಗುವುದು ನನಗೆ ಬೇಡವಾಗಿತ್ತು, ಅಷ್ಟೇ.

ಶ್ರಾವಣ ಬಂತು. ಸುಳ್ಳು ಹೇಳಬಾರದು, ಗಚ್ಚಿ ಹಸಿರಾಯಿತು. ಪುಂಡಿಪಲ್ಲೆ, ರಾಜಗಿರಿ, ಹೀರೆ, ಬದನೆ ಎಲ್ಲ ಒಂದು ತಿಂಗಳು ಮನೆಗೆ ಸಾಲುವಷ್ಟು ಬಂದವು. ಪುಂಡಿಪಲ್ಲೆಯಂತೂ ಸಾಲುವುದಕ್ಕಿಂತ ಹೆಚ್ಚೇ ಬಂತು. ವಾರಕ್ಕೆ ನಾಲ್ಕು ದಿನ ಅದನ್ನೇ ಉಂಡು ಹುಳಿಗೆ ನಮ್ಮ ಹಲ್ಲು ಚಳಿತುಹೋದವು. ಭಿವಂಡಿಯ ಗೆಳೆಯನಿಗೆ ಇವರು ಫೋನಿನಲ್ಲಿ, "ಇಲ್ಲಿ ಪುರಸೊತ್ತ ಇಲ್ಲೋ ಮಾರಾಯಾ" ಎಂದು ಹೇಳುವುದನ್ನು ಕೇಳಿ ನಾನು ಒಳಗೆ ರೊಟ್ಟಿ ಬಡಿಯುತ್ತ ಹಿಗ್ಗಿದೆ.

ಭಾದ್ರಪದ ಬಂದದ್ದೇ ತಡ, ಎಲೆ ಹಳದಿಯಾದವು. ಹೂವು ನಿಲ್ಲಲಿಲ್ಲ. ಯಾರೋ ಹೇಳಿದರೆಂದು, ಒಂದು ರವಿವಾರ ನಾವಿಬ್ಬರೂ ಕೊಲ್ಹಾಪುರಕ್ಕೆ ಗಚ್ಚಿ ಬೇಸಾಯದ ಪಾಠಕ್ಕೆ ಹೋದೆವು. ಪಾಠ ಹೇಳುವ ಸಾಹೇಬರ ಬಂಗಲೆ ಬಸ್‌ಸ್ಟ್ಯಾಂಡಿನಿಂದ ರಿಕ್ಷಾದಲ್ಲಿ ದೂರ. ಅವರ ಗಚ್ಚಿಯ ಮೇಲೆ ನಮ್ಮ ಇಡೀ ಓಣಿಯನ್ನು ಇಟ್ಟು ಸುತ್ತ ಅಂಗಳವನ್ನೂ ಬಿಡಬಹುದಿತ್ತು. ಅಲ್ಲಿ ಅವರು ಹೆಸರೇ ಬಾಯಿಗೆ ಬಾರದ ಸೊಪ್ಪುಗಳನ್ನು ಬೆಳೆದಿದ್ದರು. ಯಾರನ್ನೂ ಅವಲಂಬಿಸದೆ ಬದುಕುವುದು ಹೇಗೆ ಎಂದು ಒಂದು ತಾಸು ಹೇಳಿದರು. ಅಷ್ಟರಲ್ಲಿ ಒಬ್ಬ ಮಾಳಿ ನೀರು ಹಾಕಿದ, ಇನ್ನೊಬ್ಬ ಒಣಗಿದ ಎಲೆ ಆರಿಸಿದ, ಒಬ್ಬಾಕೆ ಎಲ್ಲರಿಗೂ ಚಹಾ ತಂದಳು. ಸಾಹೇಬರು ಮಾತ್ರ ಪೂರಾ ಸ್ವಾವಲಂಬಿ.

ನಮ್ಮನೆಯವರು ಚೀಲದಿಂದ ಒಂದು ಹಿಡಿ ಮಣ್ಣು ತೆಗೆದು ತೋರಿಸಿದರು. ಸಾಹೇಬರು ಅದನ್ನು ಎರಡು ಬೆರಳಿನಲ್ಲಿ ಹಿಡಿದು, "ತುಮಚ್ಯಾ ಮಾತೀತ ಕಸಚ ನಾಹೀ" ಅಂದರು. ಮರಾಠಿಯಲ್ಲಿ ಕಸ ಎಂದರೆ ಮಣ್ಣಿನ ಸತ್ವ. ಕನ್ನಡದಲ್ಲಿ ಕಸ ಎಂದರೆ ಕಸವೇ. ಗುಡಿಸಿ ಹಾಕುವುದೂ ಕಸ, ಹೊಲದಲ್ಲಿ ಬೆಳೆಯ ನಡುವೆ ಹುಟ್ಟುವ ಬೇಡದ ಹುಲ್ಲೂ ಕಸ. ನಿಮ್ಮ ಮಣ್ಣಿನಲ್ಲಿ ಕಸವೇ ಇಲ್ಲ ಎಂದು ಯಾರಾದರೂ ನನ್ನ ತವರಿನಲ್ಲಿ ಅಂದರೆ, ಹೊಗಳಿದರೆಂದು ತಿಳಿದು ಕೂಡಿಸಿ ಊಟ ಹಾಕುತ್ತಾರೆ. ನಮ್ಮನೆಯವರ ಮೋರೆ ಮಾತ್ರ ಆ ಮಾತಿಗೆ ಸಣ್ಣದಾಯಿತು. ಬಸ್ಸಿನಲ್ಲಿ ಬರುವಾಗ ಅವರು ಹಾತಕಣಂಗಲೆಯವರೆಗೆ ಚೀಲದೊಳಗಿನ ಮಣ್ಣನ್ನು ಬೆರಳಿನಿಂದ ತಿಕ್ಕುತ್ತ ಬಂದರು. ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ, "ಕುರಿ ಕೂಡಸೂಣು" ಅಂದರು.

ಕುರಿ ಕೂಡಿಸುವುದೆಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಗಡಹಿಂಗ್ಲಜದ ಕಡೆಯ ಕುರಿಗಾರರ ಮನೆಯವಳು ನಾನು. ಬೆಳೆ ತೆಗೆದ ಹೊಲದಲ್ಲಿ ರಾತ್ರಿ ಕುರಿಹಿಂಡನ್ನು ಕೂಡಿಸುತ್ತಾರೆ. ಅವುಗಳ ಹಿಕ್ಕೆ, ಉಚ್ಚೆ ಬಿದ್ದ ನೆಲ ಮರುವರ್ಷ ಉಬ್ಬಿ ಬೆಳೆಯುತ್ತದೆ. ಹೊಲದವರು ಕುರಿಗಾರರಿಗೆ ಊಟ, ಕಾಳು ಕೊಟ್ಟು ಕಳಿಸುತ್ತಾರೆ. ನನ್ನ ತಮ್ಮ ಈಗಲೂ ಅದನ್ನೇ ಮಾಡುತ್ತಾನೆ. ಮಳೆಗಾಲದಲ್ಲಿ ಹಿಂಡು ಹೊಡೆದುಕೊಂಡು ಮೂಡಣ ಸೀಮೆಗೆ ಹೋಗುವವನು ದಸರೆಯ ಹಿಂದುಮುಂದು ಇಲ್ಲೇ ಹತ್ತಿರದ ಶಿರೋಳದ ಮೇಲೆ ಹಾದು ಊರಿಗೆ ತಿರುಗುತ್ತಾನೆ. ಆದರೆ ಎರಡನೆಯ ಮಹಡಿಯ ಮೇಲೆ ಕುರಿ ಕೂಡಿಸಿದವರನ್ನು ನಾನು ಕಂಡಿರಲಿಲ್ಲ. "ಹಿಕ್ಕಿ ಚೀಲದಾಗ ತುಂಬಿ ತರಿಸಿದ್ರ ಆಗಂಗಿಲ್ಲೇನ್ರಿ?" ಎಂದೆ. "ಕುಂತ ಕುರೀದ ಬ್ಯಾರೆ, ಚೀಲದ್ದ ಬ್ಯಾರೆ" ಎಂದರು. ಆ ಸಾಹೇಬರ ಪಾಠದಲ್ಲಿ ಇದು ಇರಲಿಲ್ಲ, ಇವರದೇ ಸಂಶೋಧನೆ.

ತಮ್ಮನಿಗೆ ಫೋನು ಹೋಯಿತು. ಅವನು ಆಗ ಶಿರೋಳದ ಹತ್ತಿರ ಬಂದಿದ್ದ. ಅಕ್ಕನ ಗಂಡ ಕೇಳಿದ ಮೇಲೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. "ಹತ್ತಹನ್ನೆರಡ ಕುರಿ ಟೆಂಪೋದಾಗ ಹಾಕ್ಕೊಂಡ ಬರ್ತೇನಿ ಮಾಮಾ" ಎಂದ. ಆಮೇಲೆ, ಎಲ್ಲ ಕುರಿಗಾರರೂ ಕೇಳುವ ಪ್ರಶ್ನೆಯನ್ನು ಕೇಳಿದ. "ಮ್ಯಾಲ ಏನರ ಬೆಳಿ ಐತೇನು?"

ನಮ್ಮ ಕಡೆ, ಬೆಳೆ ಹೇಗಿದೆ ಎಂದು ಕೇಳಿದವರಿಗೆ ಚೆನ್ನಾಗಿದೆ ಎಂದು ಯಾರೂ ಹೇಳುವುದಿಲ್ಲ. ದೃಷ್ಟಿಯಾಗುತ್ತದೆ. ಜೋಳ ಆಳೆತ್ತರ ನಿಂತಿದ್ದರೂ "ಏನ್ ಬೆಳಿ ಬಿಡ್ರಿ, ಹಾಳಾಗೇತಿ" ಅನ್ನಬೇಕು. ನಮ್ಮನೆಯವರ ಹಿಂದಿನ ಏಳು ತಲೆಯಲ್ಲಿ ಹೊಲ ಕಂಡವರಿಲ್ಲ. ಆದರೂ ನಾಲ್ಕು ತಿಂಗಳ ಒಕ್ಕಲುತನದಲ್ಲಿ ಈ ಒಂದು ವಿದ್ಯೆಯನ್ನು ಪೂರ್ತಿ ಕಲಿತಿದ್ದರು. "ಏನ್ ಬೆಳಿಯೋ, ಬರೇ ಕಸಾ" ಅಂದರು. ಅತ್ತ ನನ್ನ ತಮ್ಮ, ಮಗ್ಗದ ಮಂದಿಗೆ ರೈತರ ಸುಳ್ಳು ಎಲ್ಲಿಂದ ಬರಬೇಕು ಎಂದುಕೊಂಡು, ಆ ಮಾತನ್ನು ನಿಜವೆಂದೇ ನಂಬಿದ.

ಇವರ ಯೋಜನೆ ಚೆನ್ನಾಗಿತ್ತು. ತಮ್ಮ ಬರುವುದು ಶುಕ್ರವಾರ ಸಂಜೆ. ಅಷ್ಟರೊಳಗೆ ಡ್ರಮ್ಮು, ಡಬ್ಬಿಗಳನ್ನೆಲ್ಲ ಟಾಕಿಯ ಹಿಂದೆ ಸರಿಸಿ, ಅಡ್ಡ ತಡಿಕೆ ಕಟ್ಟಿ, ಖಾಲಿ ಜಾಗದಲ್ಲಿ ಮಣ್ಣು ಹರಡಿ ಕುರಿ ಕೂಡಿಸುವುದು. ಬೆಳಿಗ್ಗೆ ಆ ಮಣ್ಣನ್ನು ಗಿಡಗಳಿಗೆ ಹಾಕುವುದು. ಆದರೆ ಅದೇ ಶುಕ್ರವಾರ ಕೊಲ್ಹಾಪುರದಲ್ಲಿ ಸಾಹೇಬರ ಎರಡನೆಯ ಪಾಠವಿತ್ತು, ಕೀಟಗಳಿಂದ ಬೆಳೆಯನ್ನು ಕಾಪಾಡುವುದು ಹೇಗೆ ಎಂದು. ಇವರು ಅದನ್ನು ಕೇಳಿ ನಡುಮಧ್ಯಾಹ್ನಕ್ಕೆ ಬಂದುಬಿಡುವುದೆಂದು ಹೋದರು. ಟೆಂಪೋದವನಿಗೆ ಸಂಜೆ ಬೇರೆ ಬಾಡಿಗೆ ಸಿಕ್ಕಿತ್ತು. ಅವನು ನನ್ನ ತಮ್ಮನನ್ನು ಬೆಳಿಗ್ಗೆಯೇ ತಂದು ಇಳಿಸಿದ.

ನಾನು ಶಾಲೆ ಬಿಟ್ಟು ಬಂದಾಗ ಕಾಕು ಬಾಗಿಲಲ್ಲಿ ನಿಂತಿದ್ದರು. ಸೆರಗು ಮೂಗಿಗೆ ಹಿಡಿದುಕೊಂಡು, "ತುಮಚಾ ಭಾವೂ ಆಲಾಯ. ಎಕಟಾ ನಾಹೀ" ಅಂದರು. ನಿಮ್ಮ ತಮ್ಮ ಬಂದಿದ್ದಾನೆ, ಒಬ್ಬನೇ ಅಲ್ಲ. ಮೆಟ್ಟಿಲ ಮೇಲೆ ಹಿಕ್ಕೆ ಉದುರಿತ್ತು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಮೇಲೆ ಓಡಿದೆ.

ಗಚ್ಚಿಯ ಮೇಲೆ ಹಸಿರೆಂಬುದು ಇರಲಿಲ್ಲ. ಪುಂಡಿಯ ಕೆಂಪು ದಂಟುಗಳು ಮಾತ್ರ ನಿಂತಿದ್ದವು. ಬದನೆ ಗಿಡ ಎಲ್ಲಿತ್ತೆಂದು ನೆನಪಿನಿಂದ ಹೇಳಬೇಕಿತ್ತು. ನೂಲಿನ ಎಳೆಗಳು ಬಿಗಿದಂತೆಯೇ ಇದ್ದವು, ಗಂಟುಗಳೂ ಇದ್ದವು, ಬಳ್ಳಿ ಇರಲಿಲ್ಲ. ಕುರಿಗಳು ಉಂಡು ದಣಿದು ಮೆಲುಕು ಹಾಕುತ್ತ ಕೂತಿದ್ದವು. ಮುಂದಾಳು ಆಡೊಂದು ನೀಲಿ ಡ್ರಮ್ಮಿನ ಮೇಲೆ ಹತ್ತಿ ನಿಂತು ಊರು ನೋಡುತ್ತಿತ್ತು. ತಮ್ಮ ಟಾಕಿಯ ನೆರಳಿನಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದ.

"ಅಕ್ಕಾ, ಕೆಲಸಾ ಎರಡೂ ಆದವು ನೋಡ. ಕಸಾನೂ ಹೋತು, ಹಿಕ್ಕಿನೂ ಬಿತ್ತು" ಎಂದ.

"ಹೀರಿ ಬಳ್ಳಿ ನಿನ್ನ ಕಣ್ಣಿಗೆ ಕಸಾ ಕಂಡಿತೇನೋ?"

"ಹೀರಿ ಅಂತ ಗೊತ್ತಾತು. ಆದ್ರ ಮಾಮಾ ಕಸಾ ಅಂದಿದ್ರು. ಹಿರ್‍ಯಾರು ಅಂದಮ್ಯಾಲ ನಾ ಹೆಂಗ ಅಲ್ಲ ಅನ್ಲಿ?"

ದೊಡ್ಡವರ ಮಾತು ಮೀರಬಾರದೆಂದು ಶಾಲೆಯಲ್ಲಿ ಮಕ್ಕಳಿಗೆ ದಿನವೂ ಹೇಳಿಕೊಡುವವಳು ನಾನೇ.

ಮನೆಯವರು ಬಂದರು. ಕೈಯಲ್ಲಿ ಬೇವಿನೆಣ್ಣೆಯ ಶೀಶೆ ಇತ್ತು. ಕೀಟ ಬಂದರೆ ಸಿಂಪಡಿಸಲು ಸಾಹೇಬರು ಕೊಟ್ಟದ್ದು. ಮೆಟ್ಟಿಲ ಬಾಗಿಲಲ್ಲಿ ನಿಂತು ಅವರು ಹನ್ನೆರಡು ಕೀಟಗಳನ್ನೂ ನೋಡಿದರು. ಬೈಯುತ್ತಾರೆಂದು ನಾನೂ ತಮ್ಮನೂ ಕಾಯ್ದೆವು. ಅವರು ನೂಲಿನ ಹತ್ತಿರ ಹೋಗಿ ಒಂದು ಎಳೆಯನ್ನು ಬೆರಳಿನಿಂದ ಮೀಟಿ, "ಅಂವಂದೇನ್ ತಪ್ಪ? ನಾನ ಅಂದಿದ್ನಿ ಕಸಾ ಅಂತ" ಎಂದರು. ಆಮೇಲೆ ನನ್ನ ಕಡೆ ತಿರುಗದೆ, "ನಾಳಿ ಸಂಜಿ ಬಸ್ಸಿಗೆ ಭಿವಂಡಿಗೆ ಹೊಕ್ಕೇನಿ" ಎಂದರು. ನಾನು ಅವರ ಕೈಯಿಂದ ಬೇವಿನೆಣ್ಣೆಯ ಶೀಶೆ ತೆಗೆದುಕೊಂಡು ಕಟ್ಟೆಯ ಮೇಲಿಟ್ಟೆ.

ಕುರಿಗಳಿಗೆ ನಮ್ಮ ದುಃಖ ತಿಳಿಯಲಿಲ್ಲ. ಆಡಿನ ಹಿಂದೆ ಒಂದೇ ಉಸಿರಿಗೆ ಮೇಲೆ ಹತ್ತಿದ್ದ ಅವು, ಇಳಿಯಲು ಒಪ್ಪಲೇ ಇಲ್ಲ. ಮೆಟ್ಟಿಲ ತುದಿಗೆ ಬಂದು, ಕೆಳಗೆ ನೋಡಿ, ಒಂದರ ಹಿಂದೆ ಒಂದು ಹಿಂದಕ್ಕೆ ತಿರುಗಿದವು. ಆಡು ತಾನು ಮಾತ್ರ ಇಳಿದು ಕಾಕುವಿನ ತುಳಸಿಯನ್ನು ಮುಗಿಸಿತು. ಕೊನೆಗೆ ತಮ್ಮನೂ ಇವರೂ ಒಂದೊಂದೇ ಕುರಿಯನ್ನು ಹೆಗಲ ಮೇಲೆ ಹೊತ್ತು ಇಳಿಸಬೇಕಾಯಿತು. ಓಣಿಯ ಮಂದಿಯೆಲ್ಲ ಹೊರಗೆ ಬಂದು ನಿಂತು ನೋಡಿದರು. ತಿಂದವರನ್ನೇ ಹೊತ್ತು ತಿರುಗುವ ಯೋಗ ಎಲ್ಲರಿಗೂ ಬರುವುದಿಲ್ಲ. ಮೂರನೆಯ ಕುರಿಗೆ ಇವರಿಗೆ ಕೆಮ್ಮು ಹತ್ತಿತು, ಗೋಡೆ ಹಿಡಿದು ನಿಂತರು. ಈ ಕೆಮ್ಮು ಭಿವಂಡಿಗೆ ಹೋಗುತ್ತದೆಯಂತೆ ಎಂದು ನಾನು ಕೆಳಗಿನಿಂದ ನೋಡುತ್ತ ಸಿಟ್ಟಿಗೆದ್ದೆ.

ಕುರಿಗಳನ್ನು ಓಣಿಯ ಬಯಲಿನಲ್ಲಿ ಕಟ್ಟಿ, ಕೈಕಾಲು ತೊಳೆದು ಇಬ್ಬರೂ ಊಟಕ್ಕೆ ಕೂತರು. ಪೇಟೆಯಿಂದ ಬದನೆಕಾಯಿ ತಂದು ಎಣ್ಣೆಗಾಯಿ ಮಾಡಿದ್ದೆ, ಶೇಂಗಾ ಹಿಂಡಿ ಇತ್ತು, ಬಿಸಿ ಜೋಳದ ರೊಟ್ಟಿ. ನಮ್ಮನೆಯವರು ಒಂದು ರೊಟ್ಟಿ ಉಂಡು ತಾಟಿನ ಮೇಲೆ ಕೈ ಅಡ್ಡ ಹಿಡಿದರು.

ತಮ್ಮ, "ಯಾಕ ಮಾಮಾ, ಒಂದ ರೊಟ್ಟಿ? ಹೋದ ವರ್ಷ ನಮ್ಮ ಮನ್ಯಾಗ ಐದ ಉಂಡಿದ್ರಿ. ಅದಕ್ಕ ಹಿಂಗ ಸೊರಗೀರಿ" ಎಂದ.

ನನ್ನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. ಹೌದು, ಶೆಡ್ಡು ಬಂದಾದಂದಿನಿಂದ ಒಂದೇ ರೊಟ್ಟಿ. ವಯಸ್ಸಾಯಿತು, ಪಿತ್ತವಾಯಿತು ಎಂದು ಹೇಳುತ್ತಿದ್ದರು. ಶ್ರಾವಣದಲ್ಲಿ ಪಲ್ಲೆಯನ್ನು ಮಾತ್ರ ತಾಟಿನ ತುಂಬ ಹಾಕಿಸಿಕೊಂಡು ಉಣ್ಣುತ್ತಿದ್ದರು, ರೊಟ್ಟಿ ಆಗಲೂ ಒಂದೇ. ಪಲ್ಲೆ ಅವರು ಬೆಳೆದದ್ದು. ಜೋಳ ಗಚ್ಚಿಯ ಮೇಲೆ ಬೆಳೆಯುವುದಿಲ್ಲ. ಜೋಳ ನನ್ನ ಪಗಾರದ್ದು.

"ಇಷ್ಟ ದಿನಾ ಯಾರ ಹಂಗು ಬಿಟ್ಟ ಸ್ವಾವಲಂಬಿ ಆಗಾಕತ್ತಿದ್ರಿ? ನಂದೇನು?" ಎಂದು ಕೇಳಿದೆ.

ತಮ್ಮ ತಲೆ ತಗ್ಗಿಸಿ ಹಿಂಡಿ ಕಲಸತೊಡಗಿದ. ಇವರು, ನಾನು ಎಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ, "ಗಂಡಸಾಗಿ ಹೇಂತಿ ದುಡದದ್ದು ಕುಂತ ಉಣ್ಣಬೇಕಂದ್ರ, ಗಂಟಲಾಗ ಇಳಿಯಂಗಿಲ್ಲ" ಅಂದರು.

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. "ನಾ ನೌಕರಿ ಹಿಡಿಯೂತನಕ ನಿಮ್ಮ ಮಗ್ಗದ ಅನ್ನಾನ ಉಂಡೇನ್ರಿ. ಕುಂತ ಉಂಡೇನಿ, ಮಕ್ಕೊಂಡ ಉಂಡೇನಿ, ಬಾಣಂತಿ ಇದ್ದಾಗ ಬಡಿಸಿಕೊಂಡ ಉಂಡೇನಿ. ಒಂದ ತುತ್ತರ ನನ್ನ ಗಂಟಲಾಗ ಸಿಕ್ಕಿತ್ತೇನು? ಸಿಕ್ಕಿತ್ತಂದ್ರ ನಾನೂ ಆಗ ಭಿವಂಡಿಗೆ ಹೋಗಬೇಕಾಗಿತ್ತಲ್ಲ. ನಿಮ್ಮನ್ನ ಬಿಟ್ಟ ಇರಾಕ ನನಗ ಆಗಂಗಿಲ್ಲ. ಹೋಗಬ್ಯಾಡ್ರಿ."

ಹೊರಗೆ ಕುರಿಯೊಂದು ಕೂಗಿತು. ನಮ್ಮನೆಯವರು ತಾಟಿನ ಮೇಲಿನ ಕೈಯನ್ನು ತೆಗೆದರು.

"ಹಾಕ" ಎಂದರು.

ಎರಡನೆಯ ರೊಟ್ಟಿಯನ್ನು ಎಣಿಸದೆ ಹಾಕಿದೆನೆಂದು ಬರೆದರೆ, ಇವರು ಓದಿ, ಟೀಚರಮ್ಮ ಸುಳ್ಳು ಬರೆದಳು ಎಂದು ಓಣಿಗೆಲ್ಲ ಕೇಳುವಂತೆ ನಗುತ್ತಾರೆ. ನಗಲಿ. ಎಣಿಸಿದೆ, ಮೂರನೆಯದನ್ನೂ ಎಣಿಸಿದೆ.